ಸ್ವಲೀನ ಮಗುವಿನ ನಿಯಮಗಳು

ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿನಲ್ಲಿ ಒಬ್ಬ ಹುಡುಗನಿರುವನೆಂದು ಊಹಿಸಿಕೊಳ್ಳೋಣ. ಅವನಿಗೆ ದಿನವೂ ಅದೇ ತಟ್ಟೆಯಲ್ಲಿ ರೊಟ್ಟಿ ಬೇಕು. ಶಾಲೆಗೆ ಅದೇ ಓಣಿಯಲ್ಲಿ ಹೋಗಬೇಕು. ಸಂಜೆ ಸ್ಟ್ಯಾಂಡ್ ಹಾಕಿದ ಸೈಕಲ್ಲಿನ ಹಿಂದಿನ ಗಾಲಿಯನ್ನು ತಿರುಗಿಸುತ್ತ ಕುಳಿತರೆ ಕರೆದರೂ ಏಳನು. ಜಾತ್ರೆಯ ಚಪ್ಪರಕ್ಕಾಗಿ ಒಂದು ದಿನ ಓಣಿಯನ್ನು ಕಟ್ಟಿದರೆ ನೆಲಕ್ಕೆ ಬಿದ್ದು ಚೀರುವನು. ನೋಡಿದವರಲ್ಲಿ ಒಬ್ಬರು 'ಹಟಮಾರಿ' ಎನ್ನುವರು; ಇನ್ನೊಬ್ಬರು 'ಗಾಳಿ ಸೋಕಿದೆ' ಎನ್ನುವರು; ಮತ್ತೊಬ್ಬರು 'ತಾಯಿ ಮುದ್ದು ಮಾಡಿ ಕೆಡಿಸಿದಳು' ಎಂದು ತೀರ್ಪು ಕೊಡುವರು. ಈ ಮೂರೂ ತಪ್ಪು.

ಇಂಥ ನಡತೆ ಒಂದು ಊರಿನದಲ್ಲ. 1943ರಲ್ಲಿ ಅಮೆರಿಕದ ಮನೋವೈದ್ಯ ಲಿಯೋ ಕ್ಯಾನರ್ ಅವರು 11 ಮಕ್ಕಳ ವಿಷಯವಾಗಿ ಬರೆದ ಪ್ರಬಂಧದಲ್ಲಿ, ಎಲ್ಲವೂ ಇದ್ದಂತೆಯೇ ಇರಬೇಕೆಂಬ ಆತಂಕಭರಿತ ಹಂಬಲವನ್ನು ಮುಖ್ಯ ಲಕ್ಷಣವೆಂದು ಗುರುತಿಸಿದರು. ಈ ಸ್ಥಿತಿಯೇ ಆಟಿಸಂ, ಕನ್ನಡದಲ್ಲಿ ಸ್ವಲೀನತೆ. ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂದು ಪಶ್ಚಿಮದ ಪಂಡಿತರೂ ಕೆಲಕಾಲ ತಾಯಂದಿರನ್ನು ದೂರಿದರು. ಆ ವಾದ ಈಗ ಬಿದ್ದುಹೋಗಿದೆ. ಇದು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಭೇದ. ಅನುವಂಶೀಯತೆಗೆ ಇದರಲ್ಲಿ ದೊಡ್ಡ ಪಾಲುಂಟು.

ಹಾಗಾದರೆ ಮಗು ಮಾಡಿದ್ದನ್ನೇ ಮಾಡುವುದೇಕೆ? ನಾವು ಗಮನಿಸದೆ ಬಿಡುವ ಹಿಟ್ಟಿನ ಗಿರಣಿಯ ಸದ್ದು, ಟ್ರ್ಯಾಕ್ಟರಿನ ಹಾರನ್ನು ಇಂಥ ಅನೇಕ ಮಕ್ಕಳಿಗೆ ತಾಳಲಾಗದಷ್ಟು ತೀವ್ರವಾಗಿರುತ್ತವೆ. ಮುಂದೇನಾಗುವುದೆಂದು ತಿಳಿಯದಿದ್ದರೆ ಅವರಿಗೆ ದಿಗಿಲು. ಈ ಗೊಂದಲದಲ್ಲಿ ತಪ್ಪದೆ ಮರಳಿ ಬರುವ ಓಣಿ, ತಟ್ಟೆ, ಗಾಲಿಗಳು ಊರುಗೋಲಿನಂತೆ. ಕೆಲವೊಮ್ಮೆ ಅವು ಬರಿಯ ಸಂತೋಷವೂ ಹೌದು. ಪರೀಕ್ಷೆಯ ಕೊಠಡಿಯಲ್ಲಿ ನಾವೂ ಕಾಲು ಕುಣಿಸುವುದಿಲ್ಲವೇ?

'ಎಲ್ಲಕ್ಕೂ ಒಪ್ಪಿದರೆ ಮಗು ಕಲಿಯುವುದೆಂತು?' ಎಂಬ ಪ್ರಶ್ನೆ ನ್ಯಾಯವಾದುದೇ. ಗೋಡೆಗೆ ತಲೆ ಬಡಿದುಕೊಳ್ಳುವುದನ್ನು ತಡೆಯಲೇಬೇಕು. ಆಗಲೂ ಹಲ್ಲುನೋವೋ ಕಿವಿನೋವೋ ಇದೆಯೇ ಎಂದು ನೋಡಬೇಕು. ಓದಿಗೂ ನಿದ್ರೆಗೂ ಅಡ್ಡಬರುವ ನಿಯಮಗಳನ್ನು ಸ್ವಲ್ಪಸ್ವಲ್ಪವಾಗಿ ಸಡಿಲಿಸಬೇಕು. ಆದರೆ ಯಾರಿಗೂ ಕೇಡು ಮಾಡದ ಗಾಲಿಯಾಟವನ್ನು, ಮನೆಯವರಿಗೆ ನಾಚಿಕೆಯೆಂಬ ಕಾರಣಕ್ಕೆ ಹೊಡೆದು ಬಿಡಿಸುವುದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಊರುಗೋಲನ್ನು ಕಿತ್ತುಕೊಂಡ ಮಾತ್ರಕ್ಕೆ ಕಾಲಿಗೆ ಬಲ ಬರುವುದೇ?

ಓಣಿ ಕಟ್ಟುವ ಹಿಂದಿನ ದಿನವೇ ಹೊಸ ದಾರಿಯ ಚಿತ್ರ ಬರೆದು ತೋರಿಸಿ, ಕೈಹಿಡಿದು ಒಮ್ಮೆ ನಡೆಸಿದರೆ ಆ ದಿಗಿಲು ಎಷ್ಟೋ ತಗ್ಗಬಹುದು. ಇದಕ್ಕೆ ಹಣ ಬೇಕಿಲ್ಲ, ತಾಳ್ಮೆ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಸ್ವಲೀನತೆಯನ್ನು ಹೆಸರಿಸಿ, ಅಂಥ ಮಕ್ಕಳು ಇತರರೊಡನೆ ಕಲಿಯಲು ಅವಕಾಶ ಕಲ್ಪಿಸಿದೆ. ಪಕ್ಕದ ಬೆಂಚಿನ ಹುಡುಗ ಕೈ ಬೀಸತೊಡಗಿದಾಗ ನಗುವ ಮೊದಲು, 'ಇವನಿಗೇನು ಬೇಕಾಗಿದೆ?' ಎಂದು ವಿದ್ಯಾರ್ಥಿಗಳಾದ ನೀವು ಕೇಳಿಕೊಂಡರೆ ಆ ಕಾಯಿದೆ ಸಾರ್ಥಕವಾದೀತು.