ನಮ್ಮ ನಾಲಗೆ ಮತ್ತು ಇಂಗ್ಲಿಷು

ಇಂಗ್ಲಿಷನ್ನು ಇಂಗ್ಲಿಷರ ಹಾಗೆಯೇ ಉಚ್ಚರಿಸಬೇಕೆಂಬ ಹಂಬಲ ನಮ್ಮಲ್ಲಿ ಅನೇಕರಿಗಿದೆ. ಸಂಜೆ ಹೊತ್ತು ಹಾಸ್ಟೆಲಿನ ಮಹಡಿಯ ಮೇಲೆ ಮೊಬೈಲನ್ನು ಕಿವಿಗಿಟ್ಟುಕೊಂಡು, ತುಟಿ ಕುಣಿಸುತ್ತ ಅಡ್ಡಾಡುವ ಮಿತ್ರರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನೂ ಆ ಗುಂಪಿನವನೇ. ಆದ್ದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಬರೆಯಲು ನನಗೆ ಅಧಿಕಾರವಿದೆಯೆಂದು ಭಾವಿಸುತ್ತೇನೆ.

ನಮ್ಮ ಸೀಮೆಯಲ್ಲಿ ಹಕಾರ ಬಾಯಿಗೆ ಬರುವುದು ಅಪರೂಪ. ಹಾಲು ಆಲಾಗುತ್ತದೆ, ಹಕ್ಕಿ ಅಕ್ಕಿಯಾಗುತ್ತದೆ. ಹೈಸ್ಕೂಲಿನಲ್ಲಿ ಕನ್ನಡ ಪದ್ಯ ಓದುವಾಗಲೇ ಇದಕ್ಕಾಗಿ ನಗೆಗೀಡಾಗಿದ್ದೆ. ಮೊದಲ ವರ್ಷದ ಬಿ.ಎ.ಯಲ್ಲಿ ಸ್ಪರ್ಧೆಗೆಂದು ಬೇರೊಂದು ಊರಿಗೆ ಹೋಗಿ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಆಡುವಷ್ಟರಲ್ಲಿ 'ಹೌಸ್' ಎನ್ನಬೇಕಾದದ್ದು 'ಔಸ್' ಆಯಿತು. ಸಭೆಯ ಹಿಂಬದಿಯಿಂದ ಯಾರೋ ಅದನ್ನೇ ಅಣಕಿಸಿದರು. ಉಳಿದ ಭಾಷಣವನ್ನು ಬಿಟ್ಟು ಕುಳಿತೆ; ಆಮೇಲೆ ಒಂದು ವರ್ಷ ಯಾವ ತರಗತಿಯಲ್ಲೂ ಇಂಗ್ಲಿಷಿನಲ್ಲಿ ಬಾಯಿ ತೆರೆಯಲಿಲ್ಲ. ಲಂಡನ್ನಿನ ದುಡಿಯುವ ಜನರಲ್ಲಿ ಎಷ್ಟೋ ಮಂದಿ ತಲೆಮಾರುಗಳಿಂದ 'ಔಸ್' ಎಂದೇ ಹೇಳುತ್ತ ಬಂದಿದ್ದಾರೆಂಬುದು ಆಗ ನನಗೆ ತಿಳಿದಿರಲಿಲ್ಲ. ತಿಳಿದಿದ್ದರೂ ಆ ಹೊತ್ತಿಗೆ ಪ್ರಯೋಜನವಾಗುತ್ತಿತ್ತೆಂದು ತೋರದು.

ಇಂಗ್ಲಿಷರ ಹಾಗೆ ಎಂದರೆ ಯಾವ ಇಂಗ್ಲಿಷರ ಹಾಗೆ? ಡೇನಿಯಲ್ ಜೋನ್ಸ್ ಎಂಬ ಧ್ವನಿಶಾಸ್ತ್ರಜ್ಞರು 1917ರಲ್ಲಿ ಉಚ್ಚಾರಣೆಯ ನಿಘಂಟೊಂದನ್ನು ಹೊರತಂದಾಗ ಅದಕ್ಕೆ ಆಧಾರವಾಗಿ ಹಿಡಿದದ್ದು, ದಕ್ಷಿಣ ಇಂಗ್ಲೆಂಡಿನಲ್ಲಿ ದೊಡ್ಡ ವಸತಿಶಾಲೆಗಳಲ್ಲಿ ಓದಿದವರ ಮನೆಮಾತನ್ನು. ಅವರು ಪದದ ಕೊನೆಯ ರಕಾರವನ್ನು ನುಂಗುತ್ತಾರೆ. ಸ್ಕಾಟ್ಲೆಂಡಿನವರು ಸಾಮಾನ್ಯವಾಗಿ ನುಂಗುವುದಿಲ್ಲ. ನಾವು 'ಕಾರ್' ಎಂದು ರಕಾರ ಹೇಳಿದರೆ ಮಾತ್ರ ಅದು ಹಳ್ಳಿಯ ಇಂಗ್ಲಿಷು!

ಹಾಗೆಂದು, 'ನಮ್ಮ ಇಂಗ್ಲಿಷು ನಮಗೆ, ಕಲಿಯಬೇಕಾದದ್ದೇನೂ ಇಲ್ಲ' ಎಂಬ ವಾದವನ್ನೂ ನಾನು ಒಪ್ಪಲಾರೆ. ಈ ಮಾತನ್ನು ನಾನು ಹೆಚ್ಚಾಗಿ ಕೇಳಿರುವುದು ಕಾನ್ವೆಂಟಿನಲ್ಲಿ ಓದಿ ಬಂದವರ ಬಾಯಿಂದ. ಅವರಿಗೆ ಅದು ಶೋಭಿಸುತ್ತದೆ. ನಮ್ಮಂಥವರು ನಾಳೆ ಸಂದರ್ಶನದಲ್ಲಿ ಕುಳಿತಾಗ ಎದುರಿಗಿದ್ದವರಿಗೆ ಮಾತು ತಿಳಿಯದಿದ್ದರೆ, ಕೈತಪ್ಪುವುದು ನಮ್ಮ ಕೆಲಸ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆ ಕೆಲಸಕ್ಕಾಗಿ ಕಾದಿರುವವರು ನಾಲ್ವರು.

ಡೇವಿಡ್ ಆಬರ್‌ಕ್ರಾಂಬಿ ಎಂಬ ಇನ್ನೊಬ್ಬ ಧ್ವನಿಶಾಸ್ತ್ರಜ್ಞರು, ಕೇಳುವವರು ಪ್ರಯಾಸಪಡದೆ ಅರ್ಥಮಾಡಿಕೊಳ್ಳುವಷ್ಟು ಉಚ್ಚಾರಣೆ ಪರಭಾಷೆಯವರಿಗೆ ಸಾಕೆಂದು 1949ರಲ್ಲೇ ಬರೆದರು. ಈ ಅಳತೆಗೋಲು ನನಗೆ ಹಿಡಿಸಿದೆ. ಬನಿಯನ್ ಎಂಬರ್ಥದ 'ವೆಸ್ಟ್', ಪಶ್ಚಿಮವೆಂಬರ್ಥದ 'ವೆಸ್ಟ್': ಕನ್ನಡದಲ್ಲಿ ಎರಡನ್ನೂ ಒಂದೇ ರೀತಿ ಬರೆಯದೆ ಗತ್ಯಂತರವಿಲ್ಲ, ತೊಂದರೆಯಿರುವುದೂ ಅಲ್ಲಿಯೇ. ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳದುಟಿಯನ್ನು ಸೋಕಬೇಕು. ಎರಡನೆಯದಕ್ಕೆ ಹಲ್ಲಿನ ಕೆಲಸವಿಲ್ಲ, ತುಟಿಗಳು ದುಂಡಗಾಗಬೇಕು. ಕಲಿಯಲು ಒಂದು ಕನ್ನಡಿ ಸಾಕು. 'ಪಿನ್' ಎನ್ನುವಾಗ ಪಕಾರದೊಡನೆ ಉಸಿರು ಹೊಮ್ಮಬೇಕು, 'ಸ್ಪಿನ್' ಎನ್ನುವಾಗ ಹೊಮ್ಮಬಾರದು. ರಜೆಯಲ್ಲಿ ಊರಿಗೆ ಹೋದಾಗ ತುಟಿಯೆದುರು ಕಾಗದದ ಚೂರು ಹಿಡಿದು ಇದನ್ನು ಅಭ್ಯಾಸ ಮಾಡುತ್ತಿದ್ದೆ. ಅವ್ವ ನೋಡಿ, "ಯಾಕ್ ಮಗ, ಬಾಯಿ ಸುಟ್ಕಂಡಾ? ಅಂಗ್ಯಾಕ್ ಊದ್ತೀಯೆ?" ಎಂದಳು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಒತ್ತು. ನಮ್ಮ ಒತ್ತಕ್ಷರವಲ್ಲ, ದನಿಯ ಒತ್ತು. 'ಫೋಟೊಗ್ರಾಫ್' ಎನ್ನುವಾಗ ಬಲ ಮೊದಲ ಅಕ್ಷರದ ಮೇಲೆ. 'ಫೋಟೊಗ್ರಾಫರ್' ಎಂದೊಡನೆ ಅದು ಎರಡನೆಯದಕ್ಕೆ ಜಿಗಿಯುತ್ತದೆ. ನಾವೋ ಕನ್ನಡದ ಅಭ್ಯಾಸದಂತೆ ಎಲ್ಲ ಅಕ್ಷರಗಳನ್ನೂ ಹೆಚ್ಚುಕಡಿಮೆ ಸರಿಸಮನಾಗಿ ನುಡಿದುಬಿಡುತ್ತೇವೆ. ಭಾರತೀಯರ ಇಂಗ್ಲಿಷು ಹೊರಗಿನವರಿಗೆ ಎಷ್ಟರಮಟ್ಟಿಗೆ ತಿಳಿಯುತ್ತದೆಂದು ಆರ್. ಕೆ. ಬನ್ಸಲ್ ಅವರು ಪರೀಕ್ಷಿಸಿ ನೋಡಿದರು. 1969ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ತಪ್ಪು ಒತ್ತು ಒಂದು ಮುಖ್ಯ ತೊಡಕಾಗಿ ಕಂಡುಬಂದಿದೆ. ನಿಘಂಟುಗಳಲ್ಲಿ ಈ ಒತ್ತನ್ನು ಸಣ್ಣ ಗೀಟೊಂದರಿಂದ ತೋರಿಸಿರುತ್ತಾರೆ. ಎರಡು ವರ್ಷ ನಾನು ಅದನ್ನು ಅಚ್ಚಿನ ದೋಷವೆಂದೇ ತಿಳಿದಿದ್ದೆ!

ಮೂರು ವರ್ಷವೂ ನಾವು ಇಂಗ್ಲಿಷ್ ತರಗತಿಯಲ್ಲಿ ನೋಟ್ಸು ಬರೆದುಕೊಂಡದ್ದೇ ಹೆಚ್ಚು. ವಾರಕ್ಕೊಂದು ಸಲ, ಹತ್ತು ನಿಮಿಷ, ಸರದಿಯಂತೆ ಒಬ್ಬೊಬ್ಬರಿಂದ ಗಟ್ಟಿಯಾಗಿ ಓದಿಸಿ ಒತ್ತು ತಿದ್ದಬೇಕೆಂದು ಅಧ್ಯಾಪಕರಲ್ಲಿ ವಿನಂತಿ. ಆ ಹತ್ತು ನಿಮಿಷ ನಗಬಾರದೆಂದು ಹಿಂದಿನ ಬೆಂಚಿನ ಮಿತ್ರರಲ್ಲಿ ವಿನಂತಿ. ಪರೀಕ್ಷೆಗೆ ಇನ್ನೂ ಆರು ವಾರಗಳಿವೆ. ಮೊದಲ ಸರದಿ ನನಗೇ ಇರಲಿ.