ರಜಾದಿನಗಳಲ್ಲೂ ವಸ್ತುಸಂಗ್ರಹಾಲಯಗಳನ್ನು ತೆರೆದಿಡಲು ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ, ಮೈಸೂರು.

ಮೂಲಕ: ಮಾನ್ಯ ಜಿಲ್ಲಾಧಿಕಾರಿಗಳು, ಶಿವಮೊಗ್ಗ ಜಿಲ್ಲೆ.

ವಿಷಯ: ಹಬ್ಬ ಹಾಗೂ ಸರ್ಕಾರಿ ರಜೆಗಳಂದು ವಸ್ತುಸಂಗ್ರಹಾಲಯಗಳ ವೀಕ್ಷಣೆಗೆ ಅವಕಾಶ ಕಲ್ಪಿಸುವ ಬಗ್ಗೆ.

ಮಾನ್ಯರೇ,

ನಾವು ಸಾಗರ, ಸೊರಬ, ತೀರ್ಥಹಳ್ಳಿ ಕಡೆಯ ಹಳ್ಳಿಗಳಿಂದ ಹೋಗಿ ಬೆಂಗಳೂರಿನಲ್ಲಿ ನೆಲೆಸಿರುವ ಕುಟುಂಬಗಳವರು. ದಸರೆಯೋ ದೀಪಾವಳಿಯೋ ಬಂತೆಂದರೆ ಮಕ್ಕಳನ್ನು ಕಾರಿಗೆ ಹತ್ತಿಸಿಕೊಂಡು ಬಿ.ಎಚ್. ರಸ್ತೆ ಹಿಡಿದು ಊರಿಗೆ ಹೊರಡುತ್ತೇವೆ. ಅಜ್ಜಿ ಮನೆ, ಅತ್ತೆ ಮನೆ, ಚಿಕ್ಕಮ್ಮನ ಮನೆ ಎಂದು ತಿರುಗುವ ನಡುವೆ ತುಸು ಸುತ್ತು ಹಾಕಿದರೆ ಶಿವಮೊಗ್ಗದ ಶಿವಪ್ಪನಾಯಕನ ಅರಮನೆ, ಕೆಳದಿಯ ವಸ್ತುಸಂಗ್ರಹಾಲಯ, ಕುಪ್ಪಳಿಯ ಕವಿಮನೆ ಎಲ್ಲವೂ ಸಿಗುತ್ತವೆ. ನೋಡುವ ಆಸೆಗೇನೂ ಕೊರತೆಯಿಲ್ಲ. ಅಡ್ಡ ಬರುವುದು ಬಾಗಿಲಿನ ಬೀಗ.

ಸರ್ಕಾರಿ ವಸ್ತುಸಂಗ್ರಹಾಲಯಗಳಿಗೆ ಸೋಮವಾರ ವಾರದ ರಜೆ; ಸರ್ಕಾರಿ ರಜೆಗಳಂದೂ ಬಾಗಿಲು ಹಾಕುವುದು ರೂಢಿ. ಬಾದಾಮಿ, ಐಹೊಳೆ, ಕಮಲಾಪುರದಲ್ಲಿರುವ ಕೇಂದ್ರ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ಈ ಲೆಕ್ಕ ದಾರಿಹೋಕರಿಗೆ ತಿಳಿಯುವುದಾದರೂ ಹೇಗೆ? ನೌಕರಿಯಲ್ಲಿರುವವರಿಗೆ ಬಿಡುವಾಗುವುದು ರಜೆಯಂದೇ. ಸಂಗ್ರಹಾಲಯವೂ ಅಂದೇ ರಜೆ ಹಾಕಿದರೆ ನೋಡುವವರು ಯಾರು? ಕಳೆದ ಆಯುಧಪೂಜೆಯಂದು ನಮ್ಮಲ್ಲಿನ ಒಂದು ಕುಟುಂಬ ಇಂಥದೊಂದು ಸಂಗ್ರಹಾಲಯದ ಗೇಟಿನ ಸರಳುಗಳ ಸಂದಿನಿಂದಲೇ ಅಂಗಳದ ವೀರಗಲ್ಲುಗಳನ್ನು ನೋಡಿ ಹಿಂತಿರುಗಿದೆ. ರಜೆಯೆಂದು ತಿಳಿಸುವ ಒಂದು ಚೀಟಿಯೂ ಅಲ್ಲಿರಲಿಲ್ಲ. ಮೈಸೂರು ಅರಮನೆ ವಾರದ ಏಳೂ ದಿನ ತೆರೆದಿರುವಾಗ ಸಣ್ಣ ಊರುಗಳ ಸಂಗ್ರಹಾಲಯಗಳಿಗೆ ರಜೆಯಂದು ತೆರೆಯುವುದು ಆಗದ ಮಾತೇನಲ್ಲ.

ಬಾಗಿಲು ತೆರೆದ ದಿನದ ಮಾತೂ ಒಂದಿದೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕುಳಿತ ವೀರ. ಆದರೆ ಹೆಸರು, ಶತಮಾನ ಬಿಟ್ಟು ಬೇರೇನನ್ನೂ ಹೇಳದ ಫಲಕಗಳೇ ಎಷ್ಟೋ ಕಡೆ ಇವೆ. ಇಂಥ ಕಲ್ಲುಗಳು ನಮ್ಮ ಗದ್ದೆಯ ಬದುವಿನಲ್ಲೂ ನಿಂತಿವೆ. ಕೆಲವಕ್ಕೆ ದನ ಕಟ್ಟುವುದೂ ಉಂಟು. ಸಂಗ್ರಹಾಲಯದಲ್ಲಿ ವೀರಗಲ್ಲನ್ನು ಓದಲು ಕಲಿತ ಮಗು ಅಜ್ಜಿ ಮನೆಯ ಹಿತ್ತಿಲಿನ ಕಲ್ಲನ್ನೂ ಗುರುತಿಸೀತು. ಆ ಕಲ್ಲುಗಳು ಉಳಿಯಲು ಇದಕ್ಕಿಂತ ಕಡಿಮೆ ಖರ್ಚಿನ ದಾರಿ ನಮಗೆ ಕಾಣುತ್ತಿಲ್ಲ.

ಆದ್ದರಿಂದ ದಸರೆ, ದೀಪಾವಳಿ, ರಾಜ್ಯೋತ್ಸವ ಹಾಗೂ ಬೇಸಿಗೆ ರಜೆಯಲ್ಲಿ ಬರುವ ಎಲ್ಲ ಸರ್ಕಾರಿ ರಜೆಗಳಂದು ಸಂಗ್ರಹಾಲಯಗಳನ್ನು ತೆರೆದಿಡಬೇಕು. ಅಂದು ದುಡಿಯುವ ಸಿಬ್ಬಂದಿಗೆ ಬದಲಿ ರಜೆ ಕೊಡಲೇಬೇಕು. ಅವರಿಗೂ ಮನೆ, ಹಬ್ಬ ಇವೆ. ಹಬ್ಬದ ದಿನ ಇಡೀ ದಿನ ಆಗದಿದ್ದರೆ ಮಧ್ಯಾಹ್ನದ ಮೇಲಾದರೂ ಸಾಕು. ರಜೆ ಮತ್ತು ವೇಳೆಯ ಫಲಕವನ್ನು ಕಟ್ಟಡದ ಮುಂದಷ್ಟೇ ಅಲ್ಲ, ಹೆದ್ದಾರಿಯಿಂದ ತಿರುಗುವಲ್ಲಿಯೇ ಹಾಕಿಸಬೇಕು. ಪ್ರತಿ ವೀರಗಲ್ಲಿಗೂ, ಮಾಸ್ತಿಕಲ್ಲಿಗೂ ಶಾಲಾ ಮಕ್ಕಳಿಗೆ ಅರ್ಥವಾಗುವ ಕನ್ನಡದಲ್ಲಿ ವಿವರಣೆ ಬೇಕು. ಹಿರಿಯರಿಗೆ ಕೂರಲು ಬೆಂಚು, ಶುಚಿಯಾದ ಶೌಚಾಲಯ ಇಲ್ಲದೆ ಅವರನ್ನು ಕರೆತರುವುದು ಕಷ್ಟ. ತಾಳೆಗರಿಗಳನ್ನು ಕಾಪಿಟ್ಟಿರುವ ಕೆಳದಿಯ ಸಂಗ್ರಹಾಲಯ ಕುವೆಂಪು ವಿಶ್ವವಿದ್ಯಾಲಯದ್ದಾದ್ದರಿಂದ, ಅಲ್ಲಿಯೂ ಇದೇ ವೇಳೆ ಪಾಲನೆಯಾಗುವಂತೆ ಮಾನ್ಯ ಜಿಲ್ಲಾಧಿಕಾರಿಗಳು ಮಾತುಕತೆ ನಡೆಸಬೇಕೆಂದು ಕೋರುತ್ತೇವೆ.

ಬರುವ ದಸರಾ ರಜೆಗೆ ಮೊದಲೇ ಸೂಕ್ತ ಆದೇಶ ಹೊರಡಿಸಿ, ಅದರ ಪ್ರತಿಯನ್ನು ನಮಗೂ ಕಳುಹಿಸಿಕೊಡಬೇಕೆಂದು ವಿನಂತಿಸುತ್ತೇವೆ.


ತಮ್ಮ ವಿಶ್ವಾಸಿಗಳು,
ಸಹಿ ಮಾಡಿರುವ ಕುಟುಂಬಗಳವರು