ಮನಸ್ಸಿನ ಕಾಯಿಲೆ ಎಂದು ಬರೆದರೆ ಸಾಕೇ?

ಯೋಧನ ಆರೋಗ್ಯ ಅಳೆಯಲು ಸೇನೆಯಲ್ಲಿ ‘ಶೇಪ್’ ಎಂಬ ಐದು ಅಕ್ಷರಗಳ ಪದ್ಧತಿಯಿದೆ. ಎಚ್ ಎಂದರೆ ಕಿವಿ, ಎ ಎಂದರೆ ಕೈಕಾಲು, ಪಿ ಎಂದರೆ ದೇಹದ ಸಾಮರ್ಥ್ಯ, ಇ ಎಂದರೆ ಕಣ್ಣು. ಇವೆಲ್ಲಕ್ಕಿಂತ ಮೊದಲು ಬರುವ ಎಸ್ ಮನಸ್ಸಿಗೆ ಸೇರಿದ್ದು. ಎಲ್ಲ ಅಕ್ಷರಗಳಿಗೂ ಒಂದು ಅಂಕ ಸಿಕ್ಕವರು ‘ಶೇಪ್ ಒನ್’, ಅಂದರೆ ಪೂರ್ತಿ ಸಮರ್ಥರು. ಅಂಕ ಏರಿದಂತೆ ದರ್ಜೆ ಇಳಿಯುತ್ತದೆ. ಐದು ಬಂದರೆ ಮನೆಯ ದಾರಿ. ನಮ್ಮ ಕಾಲೇಜು ಮೈದಾನದಲ್ಲಿ ನಸುಕಿಗೇ ಎದ್ದು ಓಡುವ ಗೆಳೆಯರಿಗೆ 1.6 ಕಿಲೊಮೀಟರ್ ಓಟದ ಸಮಯ, ಎದೆ ಎಷ್ಟು ಹಿಗ್ಗಬೇಕೆಂಬ ಲೆಕ್ಕ, ಕಣ್ಣಿನ ಪರೀಕ್ಷೆಯ ಅಂಕಿ ಎಲ್ಲವೂ ಬಾಯಿಪಾಠ. ಎಸ್ ಬಗ್ಗೆ ಮಾತ್ರ ಅವರಲ್ಲಿ ಒಬ್ಬರೂ ಮಾತನಾಡಿದ್ದನ್ನು ನಾನು ಕೇಳಿಲ್ಲ.

ನಾನು ಕಾನೂನು ವಿದ್ಯಾರ್ಥಿ, ಬೆಳಗಾವಿ ಜಿಲ್ಲೆಯವನು. ನಮ್ಮ ಕಡೆ ಓಣಿಗೊಬ್ಬರಾದರೂ ಮಿಲಿಟರಿಯಲ್ಲಿ ಇದ್ದು ಬಂದವರು ಸಿಗುತ್ತಾರೆ. ಈ ವಿಷಯ ಹಿಡಿದು ಕೂರಲು ಕಾರಣವಾದದ್ದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪು. 1988ರಲ್ಲಿ ಸೇನೆ ಸೇರಿದ್ದ ಸಿಪಾಯಿಯೊಬ್ಬರನ್ನು 1998ರಲ್ಲಿ ಸ್ಕಿಜೋಫ್ರೇನಿಯಾ ಇದೆ ಎಂದು ಸೇವೆಯಿಂದ ಬಿಡುಗಡೆ ಮಾಡಲಾಗಿತ್ತು. ಸೈನಿಕರ ಮಾತಿನಲ್ಲಿ ಹೇಳುವುದಾದರೆ ‘ಬೋರ್ಡ್ ಔಟ್’. ಕಾಯಿಲೆ ಅವರ ದೇಹಪ್ರಕೃತಿಯಿಂದಲೇ ಬಂದದ್ದು, ಸೇವೆಗೂ ಅದಕ್ಕೂ ಸಂಬಂಧವಿಲ್ಲ ಎಂದು ವೈದ್ಯಕೀಯ ಮಂಡಳಿ ಬರೆದಿತ್ತು. ಆ ಒಂದು ಸಾಲಿನಿಂದಾಗಿ ಅಂಗವೈಕಲ್ಯ ಪಿಂಚಣಿ ಸಿಗಲಿಲ್ಲ. ಇಪ್ಪತ್ತಾರು ವರ್ಷ ಕಳೆದ ಮೇಲೆ ಸುಪ್ರೀಂ ಕೋರ್ಟ್ ಕೇಳಿದ್ದು ಬಲು ಸರಳವಾದ ಪ್ರಶ್ನೆ: ಸಂಬಂಧವಿಲ್ಲ ಎಂದಿರಲ್ಲ, ಯಾಕೆ ಇಲ್ಲ? ಮಂಡಳಿ ಕಾರಣವನ್ನೇ ಬರೆದಿರಲಿಲ್ಲ. ಶೇ 50ರ ಲೆಕ್ಕದಲ್ಲಿ ಪಿಂಚಣಿ ಕೊಡಿ ಎಂದು ಕೋರ್ಟ್ ಆದೇಶಿಸಿತು.

ಈ ಪ್ರಶ್ನೆ ಹೊಸದೇನಲ್ಲ. 2013ರ ಜುಲೈನಲ್ಲಿ ಇದೇ ನ್ಯಾಯಾಲಯ ಇನ್ನೊಬ್ಬ ಸಿಪಾಯಿಯ ಪ್ರಕರಣದಲ್ಲಿ ಇದಕ್ಕೆ ದಾರಿ ಹಾಕಿಕೊಟ್ಟಿತ್ತು. ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯವಾದ ತೀರ್ಪು. ಅವರು 1972ರಲ್ಲಿ ಸೇರಿದವರು, 1977ರಲ್ಲಿ ಸ್ಕಿಜೋಫ್ರೇನಿಯಾದ ಹೆಸರಿನಲ್ಲಿ ಹೊರಬಂದವರು. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಅವರ ಅರ್ಜಿ ತಿರಸ್ಕರಿಸಿತ್ತು. ವೈದ್ಯರು ಬರೆದ ಮೇಲೆ ನಾವು ಕೈಹಾಕುವುದೆಲ್ಲಿ ಎಂಬ ಧಾಟಿ. ಸುಪ್ರೀಂ ಕೋರ್ಟ್ ಕಡತ ತೆರೆದು ನೋಡಿದಾಗ ಅಲ್ಲಿ ಸಿಕ್ಕಿದ್ದೇನು? ಈತ ಜಗಳಗಂಟ, ಸಿಡುಕ, ದುಡುಕಿನವ ಎಂಬಂಥ ಮಾತುಗಳು. ಚಿಕಿತ್ಸೆಯಿಂದ ಸುಧಾರಿಸಿದ್ದಾರೆ ಎಂಬ ಮಾತೂ ಅದೇ ಕಡತದಲ್ಲಿತ್ತು. ನ್ಯಾಯಮೂರ್ತಿಗಳು ನಿಘಂಟು, ಮನೋವೈದ್ಯಕೀಯ ಗ್ರಂಥಗಳನ್ನು ತೆರೆದು, ಈ ಕಾಯಿಲೆಯನ್ನು ಗುರುತಿಸುವುದಕ್ಕೆ ಎಷ್ಟು ಎಚ್ಚರ ಬೇಕು ಎಂಬುದನ್ನು ತೀರ್ಪಿನಲ್ಲೇ ವಿವರಿಸಿದರು. ತಜ್ಞರ ಅಭಿಪ್ರಾಯಕ್ಕೆ ಗೌರವ ಸಲ್ಲಬೇಕು, ಆದರೆ ಅದನ್ನು ಪೂಜೆ ಮಾಡಬೇಕಾಗಿಲ್ಲ ಎಂಬ ಅರ್ಥದ ಮಾತು ಬರುವುದು ಇದೇ ತೀರ್ಪಿನಲ್ಲಿ. ಮರುಪರಿಶೀಲನಾ ವೈದ್ಯಕೀಯ ಮಂಡಳಿ ರಚಿಸಿ, ಬಿಡುಗಡೆಯ ಹೊತ್ತಿಗೆ ಅವರಿಗೆ ನಿಜಕ್ಕೂ ಸೇವೆಗೆ ಅನರ್ಹಗೊಳಿಸುವಂಥ ಕಾಯಿಲೆ ಇತ್ತೇ ಎಂದು ನೋಡಿ ಎಂದರು. 1977ರ ಪ್ರಶ್ನೆಗೆ ಉತ್ತರ ಹುಡುಕಲು 2013ರಲ್ಲಿ ಆದೇಶ!

ಸಿಡುಕುತನವೇ ಕಾಯಿಲೆಯೇ? ನಗಬೇಡಿ, ಇದು ಹಾಸ್ಟೆಲ್ ಪ್ರಶ್ನೆಯಲ್ಲ. ಮನೋರೋಗಕ್ಕೆ ರಕ್ತಪರೀಕ್ಷೆ ಇಲ್ಲ, ಎಕ್ಸ್‌ರೇ ಇಲ್ಲ. ವೈದ್ಯರು ನಂಬಬೇಕಾದದ್ದು ತಾವು ಕಂಡದ್ದನ್ನು ಮತ್ತು ಬೇರೆಯವರು ಹೇಳಿದ್ದನ್ನು. ಸೇನೆಯಲ್ಲಿ ಆ ‘ಬೇರೆಯವರು’ ಎಂದರೆ ಹೆಚ್ಚಾಗಿ ಘಟಕದ ಅಧಿಕಾರಿ. ಸೈನಿಕನ ನಡವಳಿಕೆ ಬಗ್ಗೆ ಅವರು ಬರೆದ ವರದಿ ಮನೋವೈದ್ಯರ ಮೇಜಿಗೆ ಹೋಗುತ್ತದೆ. ಮೇಲಾಗಿ ಕಾಯಿಲೆಯನ್ನು ಗುರುತಿಸುವ ಅಳತೆಗೋಲೂ ಬದಲಾಗುತ್ತ ಬಂದಿದೆ. ಲಕ್ಷಣಗಳು ಕನಿಷ್ಠ ಆರು ತಿಂಗಳು ಕಾಣಿಸಿಕೊಂಡಿರಬೇಕು ಎಂಬ ನಿಯಮ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಬಂದದ್ದು 1980ರಲ್ಲಿ, ಆ ಸಿಪಾಯಿ ಊರಿಗೆ ಮರಳಿ ಮೂರು ವರ್ಷಗಳಾದ ಮೇಲೆ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಸೆಕ್ಷನ್, ಸುತ್ತಲಿನವರ ನೈತಿಕ, ಸಾಮಾಜಿಕ ಅಥವಾ ಕೆಲಸದ ಮೌಲ್ಯಗಳಿಗೆ ಒಬ್ಬ ವ್ಯಕ್ತಿ ಹೊಂದಿಕೊಳ್ಳುತ್ತಿಲ್ಲ ಎಂಬ ಕಾರಣಕ್ಕೆ ಮಾನಸಿಕ ಕಾಯಿಲೆ ಇದೆ ಎಂದು ನಿರ್ಧರಿಸುವಂತಿಲ್ಲ ಎನ್ನುತ್ತದೆ. ‘ಕೆಲಸದ’ ಎಂಬ ಪದವನ್ನು ಅಲ್ಲಿ ಸೇರಿಸಿದವರಿಗೆ ನನ್ನದೊಂದು ನಮಸ್ಕಾರ.

ಸೇನೆಯ ಕಡೆಗೂ ವಾದವಿದೆ. ಗುಂಡು ತುಂಬಿದ ರೈಫಲ್ ಹಿಡಿದು ರಾತ್ರಿ ಕಾವಲು ನಿಂತವನ ಮನಸ್ಸು ಸರಿಯಿಲ್ಲ ಎಂಬ ಅನುಮಾನ ಬಂದರೆ ಕಮಾಂಡರ್ ಆರು ತಿಂಗಳು ಕಾಯಲಾರ. ಪಕ್ಕದ ಹಾಸಿಗೆಯಲ್ಲಿ ಮಲಗುವ ಸಂಗಾತಿಗಳ ಜೀವವೂ ಜೀವವೇ. ರೈಫಲ್ ತಕ್ಷಣ ಹಿಂಪಡೆಯಲಿ, ಆಸ್ಪತ್ರೆಗೆ ಕಳಿಸಲಿ, ಅದರಲ್ಲಿ ನನ್ನ ತಕರಾರಿಲ್ಲ. ತಕರಾರು ಆ ಮೇಲಿನ ಹೆಜ್ಜೆಗೆ. ಕಳಿಸಿಬಿಡುವ ತೀರ್ಮಾನಕ್ಕೆ ತುರ್ತು ಏನಿದೆ? ಅಲ್ಲಿ ಕಾರಣ ಬರೆಯುವಷ್ಟು ಸಮಯ ಖಂಡಿತ ಇದೆ. ವೈದ್ಯಕೀಯವಾಗಿ ಅನರ್ಹ ಎಂದು ಬಿಡುಗಡೆ ಮಾಡಬೇಕಾದರೆ 1954ರ ಸೇನಾ ನಿಯಮಗಳ 13ನೇ ನಿಯಮದಂತೆ ಅದಕ್ಕೆಂದೇ ಇರುವ ವೈದ್ಯಕೀಯ ಮಂಡಳಿಯ ಶಿಫಾರಸು ಬೇಕು. ಅದನ್ನು ದಾಟಿ ಅಡ್ಡದಾರಿ ಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ.

ಪಿಂಚಣಿಯ ನಿಯಮ ಕೂಡ ಓದುವುದಕ್ಕೆ ಸೈನಿಕನ ಪರವಾಗಿಯೇ ಇತ್ತು. 1982ರ ಅರ್ಹತಾ ನಿಯಮಗಳ ಪ್ರಕಾರ, ಸೇರುವಾಗ ದಾಖಲಾಗದ ಯಾವ ಕಾಯಿಲೆಯೂ ಅವನಿಗೆ ಆಗ ಇರಲಿಲ್ಲ ಎಂದೇ ಭಾವಿಸಬೇಕು. ಇತ್ತು ಎನ್ನುವುದಾದರೆ ಭರ್ತಿಯ ದಿನ ಅದು ಯಾಕೆ ಕಣ್ಣಿಗೆ ಬೀಳಲಿಲ್ಲ ಎಂದು ವೈದ್ಯರು ವಿವರಿಸಬೇಕು. ಸಾಬೀತು ಮಾಡುವ ಹೊರೆ ಸೈನಿಕನದ್ದಲ್ಲ, ಸಂಶಯ ಬಂದರೆ ಅದರ ಲಾಭ ಅವನಿಗೇ. 2013ರ ಜುಲೈನಲ್ಲೇ ಬಂದ, ಮೂರ್ಛೆರೋಗಕ್ಕೆ ಸಂಬಂಧಿಸಿದ ಮತ್ತೊಂದು ತೀರ್ಪು ಇದನ್ನೆಲ್ಲ ಬಿಡಿಸಿ ಹೇಳಿತು. ಆದರೂ ‘ಶಾಂತಿ ಪ್ರದೇಶದಲ್ಲಿ ಇದ್ದಾಗ ಶುರುವಾಯಿತು, ಆದ್ದರಿಂದ ಸಂಬಂಧವಿಲ್ಲ’ ಎಂಬ ಸಾಲು ಕಡತದಿಂದ ಕಡತಕ್ಕೆ ನಕಲಾಗುತ್ತಲೇ ಇದೆ. ಗಡಿ, ಉಗ್ರರ ನಿಗ್ರಹ, ಅತಿ ಎತ್ತರದ ಪ್ರದೇಶ ಇಂಥ ಕಡೆ ಮಾನಸಿಕ ಕಾಯಿಲೆ ಶುರುವಾದರೆ ಸೇವೆಯಿಂದ ಉಲ್ಬಣಿಸಿತು ಎಂದು ಪರಿಗಣಿಸಲು ವೈದ್ಯಾಧಿಕಾರಿಗಳ ಮಾರ್ಗದರ್ಶಿಯಲ್ಲಿ ಅವಕಾಶವಿದೆ. ಆದರೆ ಮನಸ್ಸಿಗೆ ನಕ್ಷೆ ಗೊತ್ತೇ? ಎರಡು ವರ್ಷ ಗಡಿಯಲ್ಲಿದ್ದು ಬಂದವನಿಗೆ ನಿದ್ದೆ ಕೆಡುವುದು ಶಾಂತಿ ಪ್ರದೇಶದ ಮೆತ್ತನೆ ಹಾಸಿಗೆಯ ಮೇಲೂ ಆಗಬಹುದು.

ಈ ತೀರ್ಪುಗಳನ್ನು ಓದುತ್ತಾ ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ. ಬೋರ್ಡ್ ಔಟ್ ಆದವರ ಮುಂದೆ ಎರಡು ದಾರಿಗಳಿವೆ. ಒಂದು, ನನಗೆ ಕಾಯಿಲೆಯೇ ಇರಲಿಲ್ಲ, ಬಿಡುಗಡೆಯೇ ತಪ್ಪು ಎನ್ನುವುದು. ಇನ್ನೊಂದು, ಕಾಯಿಲೆ ಇದ್ದದ್ದು ನಿಜ, ಅದು ಸೇವೆಯಿಂದಲೇ ಬಂದದ್ದು, ಪಿಂಚಣಿ ಕೊಡಿ ಎನ್ನುವುದು. ಮೊದಲನೆಯದು ಗೆಲ್ಲುವುದು ಕಷ್ಟ. ಹತ್ತಾರು ವರ್ಷ ಕಳೆದ ಮೇಲೆ ಯಾವ ವೈದ್ಯರು ಹಿಂದಕ್ಕೆ ಹೋಗಿ ನೋಡಿಯಾರು? ಎರಡನೆಯದರಲ್ಲಿ ಹಣ ಸಿಗುತ್ತದೆ, ಆದರೆ ಆ ಹೆಸರನ್ನು ತಾನೇ ಸಹಿ ಹಾಕಿ ಒಪ್ಪಿಕೊಳ್ಳಬೇಕು. ನಮ್ಮ ಕಡೆಯ ಮಾಜಿ ಸೈನಿಕರೊಬ್ಬರ ಮಾತನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರ ಬಿಟ್ಟು ಇಲ್ಲಿ ಬರೆಯುತ್ತಿದ್ದೇನೆ. “ಕಾಕಾ, ನೀವ್ಯಾಕ ಅರ್ಜಿ ಹಾಕಲಿಲ್ಲ?” ಎಂದು ಕೇಳಿದ್ದಕ್ಕೆ ಅವರು, “ಅರ್ಜಿ ಹಾಕಿದ್ರ ಊರಾಗ ಎಲ್ಲಾರಿಗೂ ಗೊತ್ತಾಗತೈತಲ್ಲೋ ತಮ್ಮಾ. ಇಬ್ಬರು ಹೆಣ್ಣುಮಕ್ಕಳದಾರ” ಎಂದರು. ಕಿವಿ ಮಂದ ಆಯಿತೆಂದು ಕಳಿಸಿದರು ಎಂದೇ ಅವರು ಇಷ್ಟು ವರ್ಷ ಊರಿಗೆ ಹೇಳಿಕೊಂಡು ಬಂದಿದ್ದಾರೆ. ಎಚ್ ಅಕ್ಷರದ ಕಾಯಿಲೆಗೆ ನಮ್ಮಲ್ಲಿ ಮರುಕ ಸಿಗುತ್ತದೆ, ಎಸ್ ಅಕ್ಷರದ್ದಕ್ಕೆ ಸಂಬಂಧ ಮುರಿಯುತ್ತದೆ. ಇದರಲ್ಲಿ ಸೇನೆಯ ಪಾಲು ಕಡಿಮೆ, ನಮ್ಮ ಪಾಲೇ ಹೆಚ್ಚು.

ಕಾಯಿಲೆ ‘ಮೊದಲೇ ಇತ್ತು’ ಎಂದು ಬರೆದು ಕೈತೊಳೆದುಕೊಳ್ಳುವುದು ನಮ್ಮ ಸೇನೆಯೊಂದರ ಅಭ್ಯಾಸವಲ್ಲ. ಅಮೆರಿಕ 2001ರಿಂದ 2007ರವರೆಗೆ 26,000ಕ್ಕೂ ಹೆಚ್ಚು ಸೈನಿಕರನ್ನು ‘ವ್ಯಕ್ತಿತ್ವ ದೋಷ’ ಎಂಬ ಕಾರಣ ಕೊಟ್ಟು ಬಿಡುಗಡೆ ಮಾಡಿತು. ಅವರಲ್ಲಿ ಇರಾಕ್, ಅಫ್ಗಾನಿಸ್ತಾನದ ಯುದ್ಧಕ್ಕೆ ಹೋಗಿಬಂದವರೂ ಇದ್ದರು. ವ್ಯಕ್ತಿತ್ವ ದೋಷ ಸೇರುವ ಮೊದಲಿನಿಂದಲೇ ಇರುವಂಥದ್ದು ಎಂಬ ಲೆಕ್ಕದಲ್ಲಿ ಅಂಗವೈಕಲ್ಯದ ಸವಲತ್ತು ಇಲ್ಲ. ಗದ್ದಲವಾದ ಮೇಲೆ, ಯುದ್ಧಭೂಮಿಗೆ ಹೋಗಿಬಂದವರ ವಿಷಯದಲ್ಲಿ ಇನ್ನೊಬ್ಬ ತಜ್ಞರೂ ಒಪ್ಪಲೇಬೇಕು ಎಂಬ ನಿಯಮ 2008ರಲ್ಲಿ ಬಂತು. ಅಲ್ಲಿ ಬಿಡುಗಡೆ ಆದೇಶವನ್ನೇ ಮರುಪರಿಶೀಲಿಸುವ ಮಂಡಳಿಗಳಿವೆ, 15 ವರ್ಷದೊಳಗೆ ಅರ್ಜಿ ಹಾಕಬಹುದು. ಯುದ್ಧದ ಆಘಾತದಿಂದ ನರಳಿದವರ ಅರ್ಜಿಗಳನ್ನು ಉದಾರವಾಗಿ ನೋಡಿ ಎಂದು 2014ರಲ್ಲಿ ಅಲ್ಲಿನ ರಕ್ಷಣಾ ಕಾರ್ಯದರ್ಶಿಯೇ ಲಿಖಿತ ಸೂಚನೆ ಕೊಟ್ಟರು. ಅಲ್ಲಿ ಎಲ್ಲವೂ ಸರಿಯಾಯಿತು ಎನ್ನಲಾರೆ. ಆದರೆ ಎರಡನೇ ವೈದ್ಯರ ಅಭಿಪ್ರಾಯ ಕಡ್ಡಾಯ ಎಂಬ ಒಂದು ನಿಯಮವನ್ನು ಎರವಲು ಪಡೆಯಲು ನಮಗೇನು ಖರ್ಚು?

ಪೊಲೀಸ್ ಪಡೆಗಳಿಗೆ ತಯಾರಾಗುತ್ತಿರುವವರಿಗೆ ಒಂದು ಮಾತು. ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ, ಮಾನಸಿಕ ಅಂಗವೈಕಲ್ಯ ಇರುವವರ ಮೇಲೆ ಶಿಸ್ತುಕ್ರಮ ಶುರುಮಾಡುವುದೇ ಪರೋಕ್ಷ ತಾರತಮ್ಯದ ಒಂದು ಮುಖ ಎಂದು ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ ಹೇಳಿತು. ಅದೇ ವರ್ಷ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈ ಪಡೆಗಳ ಯುದ್ಧ ಸಿಬ್ಬಂದಿಯನ್ನು ಅಂಗವಿಕಲರ ಹಕ್ಕುಗಳ ಕಾಯ್ದೆಯ ರಕ್ಷಣೆಯಿಂದ ಹೊರಗಿಟ್ಟಿತ್ತು. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಮೊದಲೇ ಕಿತ್ತುಕೊಂಡಿತ್ತು.

ಈಗ ನಮ್ಮ ಮೈದಾನದ ಗೆಳೆಯರ ವಿಷಯ. ಅವರು ಸೇರಹೊರಟಿರುವುದು ಅಗ್ನಿವೀರರಾಗಿ, ನಾಲ್ಕು ವರ್ಷಕ್ಕೆ. ಅಲ್ಲಿ ಅಂಗವೈಕಲ್ಯಕ್ಕೆ ಪಿಂಚಣಿ ಇಲ್ಲ. ಪ್ರಮಾಣಕ್ಕೆ ತಕ್ಕಂತೆ ಒಂದೇ ಸಲ ಕೊಡುವ 44, 25 ಅಥವಾ 15 ಲಕ್ಷ ರೂಪಾಯಿ ಇದೆ. ಅದೂ ಅಂಗವೈಕಲ್ಯ ಸೇವೆಯಿಂದ ಬಂದದ್ದು ಅಥವಾ ಸೇವೆಯಿಂದ ಉಲ್ಬಣಿಸಿದ್ದು ಎಂದು ಮಂಡಳಿ ಬರೆದರೆ ಮಾತ್ರ. ‘ದೇಹಪ್ರಕೃತಿಯಿಂದ ಬಂದದ್ದು’ ಎಂಬ ಸಾಲು ಬಿದ್ದರೆ ಅದಿಲ್ಲ. ಸ್ಕಿಜೋಫ್ರೇನಿಯಾದಂಥ ಕಾಯಿಲೆಗಳು ಸಾಮಾನ್ಯವಾಗಿ ಮೊದಲು ಕಾಣಿಸಿಕೊಳ್ಳುವುದು ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಆಸುಪಾಸಿನಲ್ಲಿ, ಅಂದರೆ ಅಗ್ನಿವೀರರು ಸಮವಸ್ತ್ರದಲ್ಲಿರುವ ವಯಸ್ಸಿನಲ್ಲೇ. ಇದನ್ನು ಹಿಡಿದುಕೊಂಡು ‘ಹೇಗೂ ಬರುತ್ತಿತ್ತು’ ಎಂದು ಮಂಡಳಿ ಹೇಳಬಹುದು. ಹೇಗೂ ಬರುತ್ತಿತ್ತೋ, ಹಿಮದಲ್ಲಿ ನಿಂತ ರಾತ್ರಿಗಳು ಅದನ್ನು ಬೇಗ ತಂದವೋ, ಅದನ್ನು ಬಿಡಿಸಿ ಬರೆಯುವುದೇ ಮಂಡಳಿಯ ಕೆಲಸ.

ಹಾಗಾಗಿ ಕೆಲವು ಕಾಗದಗಳ ಬಗ್ಗೆ ಹೇಳಿಬಿಡುತ್ತೇನೆ, ಯಾರಿಗಾದರೂ ಬೇಕಾದೀತು. ಭರ್ತಿಯ ದಿನದ ವೈದ್ಯಕೀಯ ಪರೀಕ್ಷೆಯ ದಾಖಲೆ ಮುಖ್ಯ, ಅಂದು ನೀವು ಸರಿಯಿದ್ದಿರಿ ಎಂಬುದಕ್ಕೆ ಅದೇ ಸಾಕ್ಷಿ. ಎಲ್ಲೆಲ್ಲಿ, ಯಾವಾಗ ನಿಯೋಜನೆ ಆಗಿತ್ತು ಎಂಬುದನ್ನು ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಿ. ಬೋರ್ಡ್ ಔಟ್ ಆದರೆ ಮಂಡಳಿಯ ನಡಾವಳಿಯ ಪ್ರತಿಯನ್ನು ಕೇಳಿ ಪಡೆಯಿರಿ. ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಪಿಂಚಣಿ ಇಲ್ಲದೆ ಹೊರಬಂದವರ ಕಡತಗಳನ್ನು 25 ವರ್ಷಗಳ ನಂತರ ನಾಶಪಡಿಸುವ ಪದ್ಧತಿಯಿದೆ. 1982ರ ನಿಯಮಗಳ ನಂತರ 2008ರಲ್ಲಿ, ಮತ್ತೆ 2023ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಹತಾ ನಿಯಮಗಳು ಬಂದಿವೆ. ನೀವು ಹೊರಬಂದ ದಿನ ಯಾವುದು ಜಾರಿಯಲ್ಲಿತ್ತು ಎಂದು ಮೊದಲು ನೋಡಿಕೊಳ್ಳಬೇಕು. ಇಲಾಖೆಯೊಳಗಿನ ಮೇಲ್ಮನವಿ ಮುಗಿದ ಮೇಲೆ ನ್ಯಾಯಮಂಡಳಿಗೆ ಹೋಗಲು ಆರು ತಿಂಗಳ ಗಡುವು. ತಕ್ಕ ಕಾರಣವಿದ್ದರೆ ವಿಳಂಬ ಮನ್ನಿಸುತ್ತಾರೆ, ಆದರೆ ತಡವಾಗಿ ಹೋದವರಿಗೆ ಹಿಂಬಾಕಿ ಸಾಮಾನ್ಯವಾಗಿ ಮೂರು ವರ್ಷದ್ದಷ್ಟೇ. ಕರ್ನಾಟಕದವರು ಹೋಗಬೇಕಾದದ್ದು ಕೊಚ್ಚಿಯ ಪೀಠಕ್ಕೆ. ಅಲ್ಲೂ ಸೋತರೆ ಹೈಕೋರ್ಟ್ ಬಾಗಿಲು ತಟ್ಟಬಹುದು ಎಂದು ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿದೆ. ಅರ್ಜಿಗೆ ದಾರಿ ತೋರಿಸಲು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿ ಇದೆ.

ಮೊದಲ ಅಗ್ನಿವೀರರು ತರಬೇತಿಗೆ ಸೇರಿದ್ದು 2022ರ ಕೊನೆ, 2023ರ ಆರಂಭದಲ್ಲಿ. ಸೇನಾ ಕಾಯ್ದೆಯ ಅಡಿಯಲ್ಲೇ ಸೇರಿದವರು, ಆದ್ದರಿಂದ ನ್ಯಾಯಮಂಡಳಿಯ ಬಾಗಿಲು ಅವರಿಗೂ ತೆರೆದಿದೆ. ಹಿಂದಿನ ಸಿಪಾಯಿಗಳು ಇಪ್ಪತ್ತು, ಮೂವತ್ತು ವರ್ಷ ಕೋರ್ಟಿಗೆ ಅಲೆದದ್ದು ತಿಂಗಳು ತಿಂಗಳೂ ಬರುವ ಪಿಂಚಣಿಗಾಗಿ. ಒಮ್ಮೆ ಸಿಗುವ ಹದಿನೈದು ಲಕ್ಷಕ್ಕೆ ಇಪ್ಪತ್ತೆರಡು ವರ್ಷದ ಹುಡುಗನೊಬ್ಬ, ಮನೆಯವರಿಂದ ಕಾಯಿಲೆಯ ಹೆಸರು ಮುಚ್ಚಿಟ್ಟುಕೊಂಡು, ಕೊಚ್ಚಿಯವರೆಗೆ ಎಷ್ಟು ವರ್ಷ ಅಲೆದಾನು?